ಮಳೆಹನಿ, ಪುಟ್ಟ ಫಲಕ ಮತ್ತು ವಿಮಾನದ ಮೂತಿ

ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಪುಟ್ಟ ವಿಮಾನಗಳಲ್ಲಿ ಬರ್ಟ್ ರುಟಾನ್ ರೂಪಿಸಿದ ‘ಲಾಂಗ್-ಈಜಿ’ ಪ್ರಸಿದ್ಧ. 1979ರಲ್ಲಿ ಮೊದಲು ಹಾರಿದ ಈ ವಿಮಾನದ ಮೈ ಫೋಮ್ ಮತ್ತು ಗಾಜಿನ ನಾರಿನದು. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯೂ 1980ರ ದಶಕದಲ್ಲಿ ಇದೇ ವಿನ್ಯಾಸದ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿತು.

ಇದರ ಮೂತಿಯ ಬಳಿ ಒಂದು ಕಿರುರೆಕ್ಕೆಯಿದೆ. ಅದರ ಹಿಂಬದಿಯ ಚಲಿಸುವ ಪಟ್ಟಿಯೇ ಎಲಿವೇಟರ್. ಪಟ್ಟಿ ಕೆಳಕ್ಕೆ ಬಾಗಿದರೆ ಕಿರುರೆಕ್ಕೆಯ ಎತ್ತುಬಲ ಹೆಚ್ಚಿ ಮೂತಿ ಮೇಲೇರುತ್ತದೆ. ಆದರೆ ಮೂಲ ವಿನ್ಯಾಸದ ಹಲವು ವಿಮಾನಗಳಲ್ಲಿ ಮಳೆ ಹೊಕ್ಕೊಡನೆ ಮೂತಿ ಕೆಳಗೆ ವಾಲುತ್ತಿತ್ತು. ಕಾರಣ ನೀರಿನ ತೂಕವಲ್ಲ. ಮತ್ತೇನು?

ತೀರ್ಥಹಳ್ಳಿಯಲ್ಲಿ ತುಂಗೆಯನ್ನು ಗಮನಿಸಿ. ನಡುವೆ ನೀರು ರಭಸ, ದಡದ ಬಳಿ ನಿಧಾನ. ಪಾತ್ರ ಥಟ್ಟನೆ ಅಗಲವಾದಲ್ಲಿ ದಡದ ನೀರು ಮುಂದೆ ಸಾಗಲಾರದೆ ಹಿಮ್ಮುಖವಾಗಿ ಸುತ್ತುತ್ತದೆ. ರೆಕ್ಕೆಯ ಮೈಗಂಟಿದಂತೆ ಸಾಗುವ ಗಾಳಿಯ ತೆಳು ಪದರವೂ ಹೀಗೆಯೇ ನಿಧಾನ. ಇದೇ ಸೀಮಾಪದರ. 1904ರಲ್ಲಿ ಲುಡ್ವಿಗ್ ಪ್ರಾಂಟಲ್ ಇದನ್ನು ವಿವರಿಸಿದರು. ರೆಕ್ಕೆಯ ಮೇಲ್ಮೈಯ ಹಿಂಭಾಗದಲ್ಲಿ ಒತ್ತಡ ಏರುತ್ತಾ ಹೋಗುತ್ತದೆ. ಅದನ್ನು ಎದುರಿಸುವಷ್ಟು ಸಂವೇಗ ಇಲ್ಲದಿದ್ದರೆ ಪದರ ಮೈಬಿಟ್ಟು ಬೇರ್ಪಡುತ್ತದೆ, ಎತ್ತುಬಲ ಕುಸಿಯುತ್ತದೆ.

ಸಾಗರ, ಹೊಸನಗರಗಳ ಮಳೆಗಾಲದಲ್ಲಿ ಕೆಸುವಿನೆಲೆಯ ಮೇಲೆ ಹನಿಗಳು ಮಣಿಗಳಂತೆ ನಿಲ್ಲುವುದನ್ನು ನೋಡಿದ್ದೇವೆ. ಕಿರುರೆಕ್ಕೆಯ ಮುಂಭಾಗದಲ್ಲೂ ಹನಿಗಳು ಹೀಗೆ ನಿಂತು ನಯವಾದ ಹರಿವನ್ನು ಬೇಗನೆ ಕಲಕುತ್ತವೆ. ದಪ್ಪವಾದ ಸೀಮಾಪದರ ಹಿಂಭಾಗ ತಲುಪುವ ಹೊತ್ತಿಗೆ ಬಳಲಿರುತ್ತದೆ.

ಇದಕ್ಕೆ ಅನೇಕರು ಕಂಡುಕೊಂಡ ಪರಿಹಾರ ಸುಳಿಜನಕಗಳು: ಗಾಳಿಗೆ ತುಸು ಓರೆಯಾಗಿ ಕಿರುರೆಕ್ಕೆಯ ಮೇಲೆ ಅಂಟಿಸಿದ ಪುಟ್ಟ ಫಲಕಗಳ ಸಾಲು. ಪ್ರತಿ ಫಲಕದ ತುದಿಯಿಂದ ತಿರುಪಿನಂತೆ ಸುತ್ತುವ ಸುಳಿಯೊಂದು ಹೊರಡುತ್ತದೆ. ಅದು ಹೊರಗಿನ ವೇಗದ ಗಾಳಿಯನ್ನು ಮೈಯತ್ತ ಇಳಿಸುತ್ತದೆ. ಹನಿಯೂ ಉಬ್ಬು, ಫಲಕವೂ ಉಬ್ಬು. ಆದರೆ ಹನಿ ಪದರದ ಸಂವೇಗವನ್ನು ಕಳೆಯುತ್ತದೆ, ಫಲಕ ಹೊರಗಿನಿಂದ ತಂದು ತುಂಬುತ್ತದೆ. ಇದರ ಬೆಲೆ, ಸ್ವಲ್ಪ ಹೆಚ್ಚಿದ ಎಳೆತ. ಮುಂದೆ ಜಾನ್ ರಾಂಜ್ ಅವರು ಮಳೆಗೆ ಅಷ್ಟಾಗಿ ಬಗ್ಗದ ಹೊಸ ಕಿರುರೆಕ್ಕೆಯ ಆಕಾರವನ್ನೇ ರೂಪಿಸಿದರು.

ತರಗತಿಯಲ್ಲಿ ರಟ್ಟಿನ ರೆಕ್ಕೆಯೊಂದಕ್ಕೆ ಉಣ್ಣೆದಾರದ ತುಂಡುಗಳನ್ನು ಅಂಟಿಸಿ ಫ್ಯಾನಿನ ಮುಂದೆ ಹಿಡಿಯಿರಿ. ರೆಕ್ಕೆಯನ್ನು ನಿಧಾನವಾಗಿ ಓರೆ ಮಾಡುತ್ತಾ ಹೋದಂತೆ, ಮಲಗಿದ್ದ ದಾರಗಳು ಹಿಂಭಾಗದಲ್ಲಿ ತತ್ತರಿಸತೊಡಗುತ್ತವೆ. ಹರಿವು ಬೇರ್ಪಟ್ಟದ್ದು ಅಲ್ಲೇ.

ಆದರೆ ಎಚ್ಚರ: ಇಂಥ ವಿಮಾನದಲ್ಲಿ ಕಿರುರೆಕ್ಕೆಯೇ ಮೊದಲು ಎತ್ತುಬಲ ಕಳೆದುಕೊಳ್ಳಬೇಕು. ಆಗ ಮೂತಿ ತಾನಾಗಿ ಇಳಿದು ವಿಮಾನ ವೇಗ ಪಡೆಯುತ್ತದೆ. ಫಲಕಗಳು ಕಿರುರೆಕ್ಕೆಯನ್ನು ಅತಿಯಾಗಿ ಬಲಪಡಿಸಿದರೆ ಮುಖ್ಯರೆಕ್ಕೆ ಮೊದಲು ಸೋಲಬಹುದು. ಆ ಸ್ಥಿತಿಯಿಂದ ಚೇತರಿಸುವುದು ಕಷ್ಟ. ಆದ್ದರಿಂದ ಫಲಕ ಅಂಟಿಸುವುದು ಸುಲಭವಾದರೂ, ನಂತರದ ಹಾರಾಟ ಪರೀಕ್ಷೆಯನ್ನು ಬಿಡುವಂತಿಲ್ಲ.