ದೇಣಿಗೆ: ಎಷ್ಟು ಎತ್ತಿದರು, ಹೇಗೆ ಎತ್ತಿದರು

ಉದ್ದೇಶ ಒಳ್ಳೆಯದಿದ್ದರೆ ಸಾಕು, ಹಣವನ್ನು ಹೇಗೆ ಕೇಳಿದರೇನು? ದೇಣಿಗೆ ಎತ್ತುವವರಲ್ಲಿ ಇದರಷ್ಟು ಆಳಕ್ಕೆ ಬೇರುಬಿಟ್ಟ ನಂಬಿಕೆ ಇನ್ನೊಂದಿಲ್ಲ. ಇದು ಏಕೆ ತಪ್ಪು ಎಂಬುದನ್ನು ಬ್ರಿಟನ್ನಿನ ಬ್ರಿಸ್ಟಲ್ ನಗರದ ಆಲಿವ್ ಕುಕ್ ಪ್ರಕರಣ ತೋರಿಸಿಕೊಟ್ಟಿತು.

ಎರಡನೇ ಮಹಾಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಆಕೆ, ಯೋಧರ ನೆರವಿಗಾಗಿ 76 ವರ್ಷ ಪಾಪಿ ಹೂ ಮಾರಿದವರು. ಹಲವು ಸಂಸ್ಥೆಗಳಿಗೆ ತಾವೂ ಹಣ ಕೊಡುತ್ತಿದ್ದರು. 2015ರ ಮೇ ತಿಂಗಳಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗ, ದೇಣಿಗೆ ಕೇಳುವವರ ಕಾಟವೇ ಆಕೆಯನ್ನು ಬಲಿ ತೆಗೆದುಕೊಂಡಿತೆಂಬ ಸುದ್ದಿ ಹಬ್ಬಿತು. ಇಂದಿಗೂ ಹಾಗೆ ನಂಬುವವರಿದ್ದಾರೆ. ಆದರೆ ಸಾವಿಗೆ ಸಂಸ್ಥೆಗಳು ಕಾರಣವಲ್ಲ ಎಂದು ಕುಟುಂಬದವರೇ ಹೇಳಿದರು. ಆಕೆ ಖಿನ್ನತೆಯಿಂದ, ನಿದ್ದೆಯಿಲ್ಲದೆ ಬಳಲುತ್ತಿದ್ದರು.

ಹಾಗೆಂದು ಸಂಸ್ಥೆಗಳ ನಡವಳಿಕೆ ಸರಿಯಿತ್ತು ಎಂದಲ್ಲ. ತನಿಖೆಯಲ್ಲಿ ಬಯಲಾದದ್ದು ಇದು: 99 ಸಂಸ್ಥೆಗಳ ಬಳಿ ಆಕೆಯ ವಿಳಾಸವಿತ್ತು. 2014ರ ಒಂದೇ ವರ್ಷದಲ್ಲಿ ಸುಮಾರು 466 ಪತ್ರಗಳು ಆ ಮನೆಗೆ ಬಂದಿದ್ದವು. ಒಮ್ಮೆ ಕೊಟ್ಟವರ ಹೆಸರು ಪಟ್ಟಿ ಸೇರುತ್ತಿತ್ತು, ಪಟ್ಟಿ ಕೈಯಿಂದ ಕೈಗೆ ದಾಟುತ್ತಿತ್ತು. ಪ್ರತಿ ಸಂಸ್ಥೆಯೂ ತಾನು ಬರೆದದ್ದು ವಿನಯದ ಪತ್ರ ಎಂದೇ ಭಾವಿಸಿರಬೇಕು. ಆದರೆ ಕೊಡುವ ಮನಸ್ಸಿನವರು ಎಂಬ ಕಾರಣಕ್ಕೇ ವೃದ್ಧೆಯೊಬ್ಬರ ಮೇಲೆ ಇಷ್ಟು ಭಾರ ಬಿದ್ದದ್ದು ನನಗೆ ಅನ್ಯಾಯವಾಗಿ ಕಾಣುತ್ತದೆ. 2016ರಲ್ಲಿ ಅಲ್ಲಿ ದೇಣಿಗೆ ಸಂಗ್ರಹಕ್ಕೆಂದೇ ಹೊಸ ನಿಯಂತ್ರಕ ಸಂಸ್ಥೆ ಬಂತು. ಮರುವರ್ಷ, ಇಂಥ ಸಂಸ್ಥೆಯಿಂದ ನನಗೆ ಪತ್ರ, ಕರೆ ಬೇಡ ಎಂದು ಯಾರು ಬೇಕಾದರೂ ತಿಳಿಸಬಹುದಾದ ಸೇವೆಯೂ ಶುರುವಾಯಿತು.

ನಮ್ಮಲ್ಲಿ ಒತ್ತಡದ ರೂಪ ಬೇರೆ. ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ ಮಗುವಿನ ಫೋಟೊ ವಾಟ್ಸಾಪಿನಲ್ಲಿ ಬರುತ್ತದೆ. ಕಣ್ಣೀರು ತರಿಸದೆ ಹಣ ಬಾರದು, ಹೆತ್ತವರೇ ಒಪ್ಪಿದ್ದಾರಲ್ಲ ಎನ್ನುತ್ತಾರೆ. ಚಿಕಿತ್ಸೆ ನಿಂತುಹೋದೀತೆಂಬ ಭಯದಲ್ಲಿ ಕೊಟ್ಟ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎನ್ನುವುದು ಹೇಗೆ? ಮಗು ದೊಡ್ಡದಾದ ಮೇಲೂ ಆ ಚಿತ್ರ ಉಳಿದಿರುತ್ತದೆ. ಮುಖ ತೋರಿಸದೆಯೂ ಕಾಯಿಲೆ, ಖರ್ಚು, ಆಸ್ಪತ್ರೆಯ ಅಂದಾಜು ಪಟ್ಟಿ ತೋರಿಸಿ ಹಣ ಕೇಳಬಹುದು.

ಇನ್ನೊಂದು ನಂಬಿಕೆ ದಾನಿಗಳದ್ದು: ಕೊಟ್ಟ ರೂಪಾಯಿ ಪೂರ್ತಿ ಬಡವರ ಕೈ ಸೇರಬೇಕು, ಕಚೇರಿಗೆ ಖರ್ಚು ಮಾಡುವವರು ಕಳ್ಳರು. ಲೆಕ್ಕ ಬರೆಯುವವರಿಗೆ ಸಂಬಳ ಕೊಡದ ಸಂಸ್ಥೆ ನಿಮಗೆ ಲೆಕ್ಕ ಒಪ್ಪಿಸುವುದು ಹೇಗೆ? ಕಚೇರಿಗೂ ಖರ್ಚು ಬೇಕೆಂಬುದನ್ನು ನಮ್ಮ ಕಾನೂನೂ ಒಪ್ಪಿದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತೇ ಹೊರತು ಸೊನ್ನೆಗೆ ಇಳಿಸಲಿಲ್ಲ. ಮೇಲಾಗಿ, ಕಾಗದದ ಮೇಲಿನ ಕಡಿಮೆ ಶೇಕಡಾವಾರು ಪ್ರಾಮಾಣಿಕತೆಗೆ ಸಾಕ್ಷಿಯಲ್ಲ. 2015ರಲ್ಲಿ ಅಮೆರಿಕದ ಸರ್ಕಾರ ಕ್ಯಾನ್ಸರ್ ಹೆಸರಿನ ನಾಲ್ಕು ಸಂಸ್ಥೆಗಳ ಮೇಲೆ ದಾವೆ ಹೂಡಿತು. 2008ರಿಂದ 2012ರವರೆಗೆ ಅವು 18.7 ಕೋಟಿ ಡಾಲರ್ ಎತ್ತಿದ್ದವು. ಹೆಚ್ಚಿನ ಪಾಲು ಹೋದದ್ದು ನಡೆಸುವವರಿಗೆ, ಅವರ ಬಂಧುಗಳಿಗೆ, ಹಣ ಎತ್ತಿಕೊಟ್ಟ ಕಂಪನಿಗಳಿಗೆ. ವಸ್ತುರೂಪದ ಕೊಡುಗೆಗಳನ್ನು ದೊಡ್ಡ ಮೊತ್ತವಾಗಿ ಲೆಕ್ಕಕ್ಕೆ ಸೇರಿಸಿ, ಬಹುಪಾಲು ಹಣ ರೋಗಿಗಳಿಗೇ ಹೋದಂತೆ ಅವು ತೋರಿಸಿದ್ದವು ಎಂಬುದು ಸರ್ಕಾರದ ಆರೋಪ.

ತಂದಷ್ಟಕ್ಕೆ ಇಂತಿಷ್ಟು ಕಮಿಷನ್ ಕೊಟ್ಟರೆ ಸಂಸ್ಥೆಗೆ ನಷ್ಟವೇನು ಎಂದು ಕೇಳುವವರೂ ಉಂಟು. ದೇಣಿಗೆ ಸಂಗ್ರಾಹಕರ ಅಮೆರಿಕದ ವೃತ್ತಿಸಂಘದ ನೀತಿಸಂಹಿತೆ ಇದನ್ನು ನಿಷೇಧಿಸುತ್ತದೆ. ಸಂಬಳದವನು ಬಾಗಿಲಲ್ಲಿ ಹಿಂಜರಿಯುವ ಅಜ್ಜಿಯನ್ನು ಕಂಡು, ಇನ್ನೊಮ್ಮೆ ಬರುತ್ತೇನೆ ಎಂದು ಹೊರಟಾನು. ಅಂದಿನ ಕೂಲಿಯೇ ಆಕೆಯ ಚೆಕ್ಕಿನಲ್ಲಿದ್ದರೆ ಹಾಗೆ ಹೊರಡುವುದು ಸುಲಭವಲ್ಲ. ರಸೀದಿ ಪುಸ್ತಕ ಹಿಡಿದು ಬಂದವರನ್ನು, ನಿಮಗೆ ಸಂಬಳವೋ ಕಮಿಷನ್ನೋ ಎಂದು ಕೇಳಲು ಸಂಕೋಚ ಬೇಡ.