ಕೃಷಿಭೂಮಿಯಲ್ಲಿನ ಪ್ರಾಚೀನ ಶಿಲಾವಶೇಷಗಳ ಸಮೀಕ್ಷೆ

ಕೃಷಿಭೂಮಿಯಲ್ಲಿನ ಪ್ರಾಚೀನ ಶಿಲಾವಶೇಷಗಳ ಸಮೀಕ್ಷೆ ಎಂದರೆ ಹೊಲ, ಗದ್ದೆ, ತೋಟ ಮತ್ತು ಕೆರೆಯ ಅಚ್ಚುಕಟ್ಟುಗಳಲ್ಲಿ ಉಳಿದಿರುವ ಶಾಸನ, ವೀರಗಲ್ಲು, ಮಾಸ್ತಿಕಲ್ಲು, ಗಡಿಕಲ್ಲು ಹಾಗೂ ದೇಗುಲಗಳ ಬಿಡಿಭಾಗಗಳನ್ನು ಅವು ಇರುವ ಸ್ಥಳದಲ್ಲಿಯೇ ಗುರುತಿಸಿ ದಾಖಲಿಸುವ ಕಾರ್ಯ. ಉತ್ಖನನದಂತೆ ಇಲ್ಲಿ ನೆಲವನ್ನು ಅಗೆಯುವುದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಮತ್ತು ಅವುಗಳ ನಡುವಿನ ಭಾರತೀನಗರ (ಕೆ.ಎಂ.ದೊಡ್ಡಿ) ಪರಿಸರವು ಇಂತಹ ಅವಶೇಷಗಳಿಗೂ ದಟ್ಟವಾದ ನೀರಾವರಿ ಬೇಸಾಯಕ್ಕೂ ಹೆಸರಾಗಿದೆ.

ಹಿನ್ನೆಲೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಹಳ್ಳಿಹಳ್ಳಿಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದವರು ಬಿ.ಎಲ್.ರೈಸ್. ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಮೂರನೆಯ ಸಂಪುಟವು (1894) ಮಂಡ್ಯ ಮತ್ತು ಮಳವಳ್ಳಿ ಭಾಗದ ಶಾಸನಗಳನ್ನು ಒಳಗೊಂಡಿದೆ. ಮಂಡ್ಯ ಆಗಿನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಮಾಲೆಯಲ್ಲಿ ಮದ್ದೂರು, ಮಳವಳ್ಳಿಗಳ ಶಾಸನಗಳು ಏಳನೆಯ ಸಂಪುಟದಲ್ಲಿವೆ.

ಈ ಎರಡು ಪ್ರಕಟಣೆಗಳ ನಡುವಿನ ಅವಧಿಯಲ್ಲಿ ಈ ನೆಲದ ಸ್ವರೂಪವೇ ಬದಲಾಯಿತು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ (ಆಗಿನ ಹೆಸರು ಇರ್ವಿನ್ ನಾಲೆ) ನೀರು ಹರಿದ ಮೇಲೆ ಮಳೆಯಾಶ್ರಿತ ಹೊಲಗಳು ಭತ್ತ ಮತ್ತು ಕಬ್ಬಿನ ಗದ್ದೆಗಳಾದವು. ನೀರು ನಿಲ್ಲಬೇಕಾದರೆ ನೆಲ ಸಮತಟ್ಟಾಗಬೇಕು. ಹಾಗೆ ಮಟ್ಟ ಮಾಡುವಾಗ ಅಡ್ಡಬಂದ ಕಲ್ಲು ಬದುವಿಗೋ ತೂಬಿಗೋ ಬಟ್ಟೆ ಒಗೆಯುವ ಚಪ್ಪಡಿಗೋ ಸೇರುವುದು ಸಹಜವೇ.

ಆತಕೂರಿನ ಶಾಸನ

ಮದ್ದೂರು ತಾಲ್ಲೂಕಿನ ಆತಕೂರು (ಇಂದಿನ ಆತಗೂರು) ಶಾಸನವು ಕಲ್ಲಿಗೂ ಹೊಲಕ್ಕೂ ಇರುವ ನಂಟಿಗೆ ಉತ್ತಮ ನಿದರ್ಶನ. ಇದರ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಬೂತುಗನ ಸೇವಕ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ಮುಂದೆ ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಕಲ್ಲಿನ ಮೇಲೆ ಈ ಕಾಳಗದ ಉಬ್ಬುಚಿತ್ರವಿದೆ.

ಇತಿಹಾಸಕಾರರು ತಕ್ಕೋಲದ ಸುದ್ದಿಗಾಗಿ ಈ ಶಾಸನವನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಸಮೀಕ್ಷಕರಿಗೆ ಮುಖ್ಯವಾಗಬೇಕಾದುದು ಅದರ ಉಳಿದ ಭಾಗ. ನಾಯಿಯ ನೆನಪಿಗೆ ನಿಲ್ಲಿಸಿದ ಈ ಕಲ್ಲಿಗಾಗಿ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು, ಎಂದರೆ ಅಷ್ಟು ಬೀಜ ಬಿತ್ತುವ ಗದ್ದೆಯನ್ನು ಬಿಡಲಾಯಿತು. ಆ ಭೂಮಿಯನ್ನು ಅಳಿಸಿದವನಿಗೂ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೂ ಶಾಪವಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಆದರೆ ಕೆರೆ, ಗದ್ದೆ, ದೇಗುಲಗಳು ಊರಿನ ನೆಲಕ್ಕೆ ಸೇರಿದವು. ಅವುಗಳ ಪರಸ್ಪರ ಸ್ಥಾನವನ್ನು ಅರಿಯಲು ಕಲ್ಲೊಂದೇ ಸಾಲದು, ಗ್ರಾಮನಕ್ಷೆಯೂ ಬೇಕು.

ಗಡಿಕಲ್ಲುಗಳು

ಅಕ್ಷರವಿಲ್ಲದ ಕಲ್ಲುಗಳೇ ಹೆಚ್ಚು ಬೇಗ ಕಾಣೆಯಾಗುತ್ತವೆ. ದತ್ತಿಭೂಮಿಯ ಎಲ್ಲೆಯನ್ನು ಸೂಚಿಸಲು ಬ್ರಾಹ್ಮಣರ ಭೂಮಿಗೆ ವಾಮನಮುದ್ರೆ, ಶೈವ ದೇಗುಲದ ಭೂಮಿಗೆ ಲಿಂಗಮುದ್ರೆ, ವೈಷ್ಣವ ದೇಗುಲದ ಭೂಮಿಗೆ ಶಂಖಚಕ್ರ, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲುಗಳನ್ನು ನೆಡುತ್ತಿದ್ದರು. ಇವು ಹೇಳುವ ಮಾತು ಒಂದೇ: ಎಲ್ಲೆ ಇಲ್ಲಿದೆ. ಹತ್ತು ಮಾರು ಸರಿಸಿದರೂ ಆ ಮಾತು ಸುಳ್ಳಾಗುತ್ತದೆ. ಮದ್ದೂರು ತಾಲ್ಲೂಕಿನ ಜೈನ ನೆಲೆಯಾದ ಆರೆತಿಪ್ಪೂರಿನಲ್ಲಿ ಬೆಟ್ಟದ ಬಾಹುಬಲಿಯನ್ನು ನೋಡಲು ಜನ ಹೋಗುತ್ತಾರೆ. ಬಯಲಿನ ಕಲ್ಲುಗಳಿಗೆ ಆ ಭಾಗ್ಯವಿಲ್ಲ.

ವಿಧಾನ

ಸಮೀಕ್ಷೆಯು ಗ್ರಾಮನಕ್ಷೆಯಿಂದ ಆರಂಭವಾಗುತ್ತದೆ. ಪ್ರತಿಯೊಂದು ಕಲ್ಲಿಗೂ ಸರ್ವೆ ನಂಬರು, ಜಿಪಿಎಸ್ ಸ್ಥಾನ, ಅಳತೆ, ಶಿಲೆಯ ಬಗೆ, ಮುಖದ ದಿಕ್ಕು ಮತ್ತು ಸ್ಥಳೀಯರು ಕರೆಯುವ ಹೆಸರನ್ನು ಬರೆದುಕೊಳ್ಳಬೇಕು. ಕಲ್ಲು ನೆಟ್ಟಂತೆಯೇ ಇದೆಯೋ, ಬೇರೆಡೆಯಿಂದ ತಂದದ್ದೋ ಎಂಬುದನ್ನು ಬೇಸಾಯಗಾರರನ್ನು ಕೇಳಿಯೇ ತಿಳಿಯಬೇಕು. ಕಬ್ಬು ಸುಮಾರು ಒಂದು ವರ್ಷ ನಿಲ್ಲುವ ಬೆಳೆ; ಅನಂತರ ಕೂಳೆ ಬೆಳೆಯೂ ಬರುತ್ತದೆ. ಆದ್ದರಿಂದ ಕಟಾವಾದ ಕೆಲವೇ ದಿನಗಳಲ್ಲಿ ಮಾತ್ರ ಇಂತಹ ನೆಲ ಕಣ್ಣಿಗೆ ಬೀಳುತ್ತದೆ.

ಶಾಸನವಿದ್ದರೆ ಕಲ್ಲನ್ನು ನೀರು ಮತ್ತು ಮೃದುವಾದ ಕುಂಚದಿಂದ ತೊಳೆದು, ಒದ್ದೆ ಕಾಗದವನ್ನು ಹರಡಿ, ಅಕ್ಷರಗಳ ಒಳಗೆ ಕೂರುವಂತೆ ಕುಂಚದಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಓದುವ ಆತುರದಲ್ಲಿ ಅಕ್ಷರಗಳನ್ನು ಕಬ್ಬಿಣದಿಂದ ಕೆರೆಯುವುದು ಸರಿಪಡಿಸಲಾಗದ ಹಾನಿ.

ಕಾನೂನು

ಜಮೀನು ಕೈಬಿಡುತ್ತದೆಂಬ ಭಯದಿಂದ ಕಲ್ಲನ್ನು ಮರೆಮಾಡುವುದುಂಟು. ಆದರೆ ಕಲ್ಲನ್ನು ಸಮೀಕ್ಷೆಯಲ್ಲಿ ದಾಖಲಿಸಿದ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ನಿರ್ಬಂಧಗಳು ಅನ್ವಯಿಸುವುದು 1958ರ ಕೇಂದ್ರ ಕಾಯಿದೆ ಅಥವಾ 1961ರ ಕರ್ನಾಟಕ ಕಾಯಿದೆಯಡಿ ಸಂರಕ್ಷಿತವೆಂದು ಘೋಷಿತವಾದ ನೆಲೆಗಳಿಗೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವೂ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೂ ಇದ್ದು, ಇವು ಕಟ್ಟಡ ನಿರ್ಮಾಣಕ್ಕೆ ಸಂಬಂಧಿಸಿದವು. ಕೇಂದ್ರ ಕಾಯಿದೆಯ 19ನೆಯ ಕಲಮು ಸಂರಕ್ಷಿತ ಪ್ರದೇಶದೊಳಗೂ ಬೇಸಾಯಕ್ಕೆ ಎಡೆಕೊಟ್ಟಿದೆ, ಮೇಲ್ಮೈಯಿಂದ ಒಂದು ಅಡಿಗಿಂತ ಆಳಕ್ಕೆ ಅಗೆಯದಿದ್ದರೆ. ಎತ್ತಿನ ನೇಗಿಲಿಗೆ ಈ ಮಿತಿ ಸಾಕಾಗುತ್ತಿತ್ತು; ಕಬ್ಬಿಗಾಗಿ ಟ್ರ್ಯಾಕ್ಟರಿನಿಂದ ಮಾಡುವ ಆಳದ ಉಳುಮೆ ಅದನ್ನು ಮೀರಬಲ್ಲದು.