ಯಂತ್ರ ಕಲಿಕೆಯಿಂದ ನಕಲಿ ಉದ್ಯೋಗ ಜಾಹೀರಾತುಗಳ ಪತ್ತೆ

ಅಂತರಜಾಲದಲ್ಲಿ ಪ್ರಕಟವಾಗುವ ಉದ್ಯೋಗ ಜಾಹೀರಾತುಗಳಲ್ಲಿ ನೈಜವಾದವು ಯಾವುವು, ವಂಚನೆಗಾಗಿ ಹಾಕಿದವು ಯಾವುವು ಎಂಬುದನ್ನು ಗಣಕಯಂತ್ರವು ಹಳೆಯ ಉದಾಹರಣೆಗಳಿಂದ ಕಲಿತು ವಿಂಗಡಿಸುವ ವಿಧಾನವಿದು. ನಕಲಿ ಜಾಹೀರಾತುದಾರರು ನೋಂದಣಿ ಅಥವಾ ತರಬೇತಿ ಶುಲ್ಕದ ಹೆಸರಿನಲ್ಲಿ ಹಣ ಕೀಳುತ್ತಾರೆ. ಇಲ್ಲವೇ ಅಭ್ಯರ್ಥಿಯ ಗುರುತಿನ ಚೀಟಿ, ಬ್ಯಾಂಕ್ ವಿವರಗಳನ್ನು ಸಂಗ್ರಹಿಸಿ ದುರುಪಯೋಗಪಡಿಸಿಕೊಳ್ಳುತ್ತಾರೆ.

ಈಜಿಯನ್ ದತ್ತಾಂಶ

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗ್ರೀಸಿನ ಈಜಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಬಿಡುಗಡೆ ಮಾಡಿದ ದತ್ತಾಂಶ. ವರ್ಕಬಲ್ ಎಂಬ ನೇಮಕಾತಿ ತಂತ್ರಾಂಶದ ಮೂಲಕ 2012ರಿಂದ 2014ರ ನಡುವೆ ಪ್ರಕಟವಾದ 17,880 ಜಾಹೀರಾತುಗಳು ಇದರಲ್ಲಿವೆ. ಅವುಗಳಲ್ಲಿ 17,014 ನೈಜ, 866 ನಕಲಿ. ಈ ಗುರುತನ್ನು ಹಾಕಿದವರು ಮನುಷ್ಯರೇ ಹೊರತು ಯಂತ್ರವಲ್ಲ.

ಹುದ್ದೆಯ ವಿವರಣೆ, ಅರ್ಹತೆ, ಸಂಬಳ, ಸಂಸ್ಥೆಯ ಪರಿಚಯ, ಲಾಂಛನ ಇದೆಯೇ ಇಲ್ಲವೇ ಎಂಬಂತಹ ಅಂಶಗಳು ಪ್ರತಿ ಜಾಹೀರಾತಿನೊಂದಿಗೂ ದಾಖಲಾಗಿವೆ. ನೈಜ ಜಾಹೀರಾತುಗಳಲ್ಲಿ ಬಹುಪಾಲಿಗೆ ಸಂಸ್ಥೆಯ ಲಾಂಛನವಿದ್ದರೆ, ನಕಲಿಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಬರಹದ ಭಾಗವನ್ನು ಯಂತ್ರಕ್ಕೆ ಸಂಖ್ಯೆಗಳ ರೂಪದಲ್ಲಿ ಕೊಡಬೇಕಾಗುತ್ತದೆ. ಎಲ್ಲ ಜಾಹೀರಾತುಗಳಲ್ಲೂ ಬರುವ ಪದಕ್ಕೆ ಕಡಿಮೆ ತೂಕ, ಕೆಲವೇ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುವ ಪದಕ್ಕೆ ಹೆಚ್ಚು ತೂಕ. ಬಳಿಕ ನೇಯ್ವ್ ಬೇಯ್ಸ್, ಲಾಜಿಸ್ಟಿಕ್ ರಿಗ್ರೆಷನ್, ರ‍್ಯಾಂಡಮ್ ಫಾರೆಸ್ಟ್ ಮೊದಲಾದ ಕ್ರಮವಿಧಿಗಳು ವಿಂಗಡಣೆ ನಡೆಸುತ್ತವೆ.

ಅಳತೆಯ ತೊಡಕು

ಇಂತಹ ಯೋಜನೆಗಳ ವರದಿಗಳಲ್ಲಿ ಶೇ. 95ಕ್ಕೂ ಮೀರಿದ ನಿಖರತೆಯನ್ನು ಹೇಳಿಕೊಳ್ಳುವುದುಂಟು. ಆದರೆ ಮೇಲಿನ ದತ್ತಾಂಶದಲ್ಲಿ ನಕಲಿಗಳು ಶೇ. 5ಕ್ಕಿಂತ ಕಡಿಮೆ. ಏನನ್ನೂ ಕಲಿಯದೆ ಎಲ್ಲವನ್ನೂ 'ನೈಜ' ಎಂದು ಹೇಳುವ ಕಾರ್ಯಕ್ರಮಕ್ಕೂ ಶೇ. 95 ನಿಖರತೆ ದೊರೆಯುತ್ತದೆ. ಅದು ಹಿಡಿದ ನಕಲಿಗಳ ಸಂಖ್ಯೆ ಮಾತ್ರ ಸೊನ್ನೆ.

ಆದ್ದರಿಂದ ಎರಡು ಬೇರೆ ಅಳತೆಗಳು ಅಗತ್ಯ. 100 ನಕಲಿಗಳಿರುವಲ್ಲಿ ಯಂತ್ರವು 80 ಜಾಹೀರಾತುಗಳತ್ತ ಬೆರಳು ತೋರಿಸಿ, ಅವುಗಳಲ್ಲಿ 60 ನಿಜಕ್ಕೂ ನಕಲಿಯಾಗಿದ್ದವು ಎಂದುಕೊಳ್ಳೋಣ. ಆಗ ಪತ್ತೆಯ ಪ್ರಮಾಣ ಶೇ. 60, ಆರೋಪದ ಖಚಿತತೆ ಶೇ. 75. ತಪ್ಪಿಸಿಕೊಂಡ 40ರಿಂದ ಉದ್ಯೋಗಾಕಾಂಕ್ಷಿಗಳಿಗೆ ನಷ್ಟ. ತಪ್ಪಾಗಿ ಸಿಕ್ಕಿಬಿದ್ದ 20ರಿಂದ ಲಾಂಛನವಿಲ್ಲದ ಪ್ರಾಮಾಣಿಕ ಸಣ್ಣ ಉದ್ದಿಮೆದಾರರಿಗೆ ಅನ್ಯಾಯ. ಎರಡನ್ನೂ ಒಟ್ಟಿಗೆ ಇಲ್ಲವಾಗಿಸುವುದು ಕಷ್ಟ. ಮೊದಲನೆಯದೇ ಹೆಚ್ಚು ಘೋರವಾದುದರಿಂದ, ಸಂಶಯಾಸ್ಪದವಾದವುಗಳನ್ನು ಅಳಿಸದೆ ಮಾನವ ಪರಿಶೀಲನೆಗೆ ಕಳುಹಿಸುವುದು ಸೂಕ್ತ.

ಇನ್ನೊಂದು ದೋಷ ಸುಲಭವಾಗಿ ಕಣ್ಣಿಗೆ ಬೀಳದು. ಒಂದೇ ನಕಲಿ ಬರಹವನ್ನು ವಂಚಕರು ಹಲವು ಸಲ ಹಾಕುತ್ತಾರೆ. ಅದರ ಪ್ರತಿಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡರೆ, ಮೊದಲೇ ಕಂಡ ಪ್ರಶ್ನೆಪತ್ರಿಕೆಯಲ್ಲಿ ವಿದ್ಯಾರ್ಥಿ ಗಳಿಸಿದ ಅಂಕದಂತಾಗುತ್ತದೆ ಯಂತ್ರದ ಫಲಿತಾಂಶ.

ಮಿತಿಗಳು

ಈಜಿಯನ್ ದತ್ತಾಂಶವು ಇಂಗ್ಲಿಷಿನದು ಮತ್ತು ಹಳೆಯದು. ಅದರಿಂದ ಕಲಿತ ಯಂತ್ರವು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ-ಇಂಗ್ಲಿಷ್ ಬೆರೆಸಿ ಬರುವ ಸಂದೇಶವನ್ನು ಅರಿಯಲಾರದು. ಕಾಗುಣಿತದ ತಪ್ಪುಗಳು ಒಂದು ಕಾಲಕ್ಕೆ ವಂಚನೆಯ ಸುಳಿವಾಗಿದ್ದವು. ಬರಹವನ್ನು ಯಂತ್ರವೇ ತಿದ್ದಿಕೊಡುವ ಈ ದಿನಗಳಲ್ಲಿ ಆ ಸುಳಿವೂ ಮಾಸುತ್ತಿದೆ. ನೈಜ ಸಂಸ್ಥೆಯ ಜಾಹೀರಾತನ್ನೇ ನಕಲು ಮಾಡಿ ದೂರವಾಣಿ ಸಂಖ್ಯೆಯನ್ನಷ್ಟೇ ಬದಲಿಸಿದಾಗ ಪದಗಳ ವಿಶ್ಲೇಷಣೆ ನಿಷ್ಪ್ರಯೋಜಕ; ಮಿಂಚಂಚೆ ವಿಳಾಸ, ಜಾಲತಾಣದ ವಯಸ್ಸು ಮುಂತಾದುವನ್ನು ನೋಡಬೇಕಾಗುತ್ತದೆ.

ಹಾನಿಯು ಹಣಕ್ಕಷ್ಟೇ ಸೀಮಿತವಲ್ಲ. ಥಾಯ್ಲೆಂಡಿನಲ್ಲಿ ಉದ್ಯೋಗವೆಂದು ಸಾಮಾಜಿಕ ಮಾಧ್ಯಮಗಳಲ್ಲಿ ಬಂದ ಜಾಹೀರಾತುಗಳನ್ನು ನಂಬಿದ ಭಾರತೀಯ ಯುವಕರನ್ನು ಅಕ್ರಮವಾಗಿ ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು ಒತ್ತೆಯಲ್ಲಿರಿಸಿಕೊಂಡು ದುಡಿಸಲಾಗುತ್ತಿದೆ ಎಂದು ಭಾರತದ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತು. ಭಾರತದಲ್ಲಿ ಆನ್‌ಲೈನ್ ಹಣಕಾಸು ವಂಚನೆಯ ದೂರುಗಳನ್ನು 1930 ಸಹಾಯವಾಣಿಯಲ್ಲಿ ದಾಖಲಿಸಬಹುದು.